ಪಿಚಿಂಚಾದ ಏಣಿನ ಮೇಲೆ ಮತ್ತೆ ಹೂಕಾಡು ಬೆಳೆಸುವುದು ಹೇಗೆ

ಈಕ್ವೆಡಾರ್‌ನ ರಾಜಧಾನಿ ಕೀಟೊ ನಗರದ ಬೆನ್ನಿಗೇ ಪಿಚಿಂಚಾ ಅಗ್ನಿಪರ್ವತ ನಿಂತಿದೆ. ಅದರ ವಾಯವ್ಯ ಇಳಿಜಾರಿನ ಮಂಜುಗಾಡಿನಲ್ಲಿ, ಹೆಚ್ಚಾಗಿ 2,850ರಿಂದ 3,500 ಮೀಟರ್ ಎತ್ತರದ ಒಂದು ಕಿರಿದಾದ ಪಟ್ಟಿಯಲ್ಲಿ ಕಪ್ಪು ಎದೆಯ ಪಫ್‌ಲೆಗ್ ಎಂಬ ಹಮ್ಮಿಂಗ್ ಬರ್ಡ್ ಬದುಕಿದೆ. ತೂಕ ನಾಲ್ಕೈದು ಗ್ರಾಂ. ಎರಡೂ ಕಾಲಿಗೆ ಬಿಳಿ ಹತ್ತಿಯ ಉಂಡೆ ಅಂಟಿಸಿದ ಹಾಗೆ ಗರಿಗುಚ್ಛ. ಆಂಡಿಸ್‌ನ ಕುದುರೆ ಸವಾರರು ಪ್ಯಾಂಟಿನ ಮೇಲೆ ಕಟ್ಟಿಕೊಳ್ಳುವ ತುಪ್ಪಳದ ಕಾಲುಹೊದಿಕೆಗೆ ಸಮರ್ರೊ ಎನ್ನುತ್ತಾರೆ. ಹಕ್ಕಿಗೂ ಅದೇ ಹೆಸರು ಅಂಟಿಕೊಂಡು ಸ್ಪ್ಯಾನಿಷ್‌ನಲ್ಲಿ ಇದು ಸಮರ್ರಿತೊ ಪೆಚಿನೆಗ್ರೊ ಆಗಿದೆ. 2005ರಿಂದ ಇದು ಕೀಟೊ ನಗರದ ಲಾಂಛನ ಪಕ್ಷಿ. ವಿಜ್ಞಾನಕ್ಕೆ ಪರಿಚಯವಾದದ್ದು 1852ರಲ್ಲಿ. ಲೋಕದ ವಸ್ತುಸಂಗ್ರಹಾಲಯಗಳಲ್ಲಿ ಹುಲ್ಲು ತುಂಬಿಟ್ಟ ನೂರಕ್ಕೂ ಹೆಚ್ಚು ಮಾದರಿಗಳಿವೆ. ಜೀವಂತ ಇರುವವು ಎಲ್ಲ ಸೇರಿದರೂ ಕೆಲವು ನೂರು ದಾಟಲಾರವು. ಈಚಿನ ದಶಕಗಳಲ್ಲಿ ಪಿಚಿಂಚಾ ಬಿಟ್ಟರೆ ಉತ್ತರಕ್ಕೆ, ಇಂಬಾಬುರಾ ಪ್ರಾಂತ್ಯದ ತೊಯ್ಸಾನ್ ಬೆಟ್ಟಸಾಲಿನಲ್ಲಿ ಕಂಡಿದೆ, ಅಷ್ಟೇ.

ಕಾಡು ಹೋದದ್ದು ಹೇಗೆ ಎನ್ನುವುದು ಗೊತ್ತಿದ್ದರೆ ಗಿಡ ನೆಡುವುದು ಎಲ್ಲಿ ಎನ್ನುವುದು ತಾನಾಗಿ ತಿಳಿಯುತ್ತದೆ. ಪಿಚಿಂಚಾದ ಇಳಿಜಾರು ಬಲು ಕಡಿದು. ಕಾಲೂರಿ ನಿಂತು ಕೆಲಸ ಮಾಡಲು ಆಗುವಷ್ಟು ಸಪಾಟು ಇರುವುದು ಏಣುಗಳ, ಅಂದರೆ ಬೆಟ್ಟದಿಂದ ಚಾಚಿದ ದಿಣ್ಣೆಸಾಲುಗಳ, ನೆತ್ತಿಯಲ್ಲಿ ಮಾತ್ರ. ಹಾಗಾಗಿ ಆಲೂಗಡ್ಡೆ ಬಂದದ್ದೂ ಅಲ್ಲಿಗೇ, ದನ ಬಂದದ್ದೂ ಅಲ್ಲಿಗೇ, ಇದ್ದಿಲು ಸುಡುವ ಗುಂಡಿ ತೋಡಿದ್ದೂ ಅಲ್ಲೇ. ಈ ಹಕ್ಕಿಗೆ ಬೇಕಾದದ್ದೂ ಅದೇ ನೆತ್ತಿ: ಗಾಳಿಗೆ ಕುಗ್ಗಿ ಐದಾರು ಮೀಟರಿಗೇ ನಿಂತ, ಮೈತುಂಬ ಹಾವಸೆ ಹೊತ್ತ ಕುಳ್ಳ ಮರಗಳು, ಅವುಗಳ ಅಂಚಿನ ಹೂಪೊದೆಗಳು. ಈಗ ಹೆಚ್ಚಿನ ಏಣುಗಳು ಬೋಳು. ಕಾಡು ಉಳಿದಿರುವುದು ಯಾರಿಗೂ ಬೇಡವಾದ ಕೊರಕಲುಗಳಲ್ಲಿ.

ಗಿಡ ನೆಡುವ ಕಾರ್ಯಕ್ರಮಗಳು ಸೋಲುವುದೂ ಇಲ್ಲೇ. ಕೊರಕಲಿನ ಬದಿಯಲ್ಲಿ ನೆಟ್ಟರೆ ನೀರು ಹತ್ತಿರ, ಗಾಳಿ ಕಡಿಮೆ, ನೂರಕ್ಕೆ ತೊಂಬತ್ತು ಸಸಿ ಬದುಕುತ್ತವೆ, ವರದಿ ಚೆನ್ನಾಗಿ ಕಾಣುತ್ತದೆ. ಆದರೆ ಹಕ್ಕಿ ಕಳೆದುಕೊಂಡದ್ದು ಕೊರಕಲನ್ನಲ್ಲ. ಏಣಿನ ಮೇಲೆ ಅರವತ್ತೇ ಬದುಕಿದರೂ ಆ ಅರವತ್ತರ ಬೆಲೆ ಹೆಚ್ಚು. ಮುಂದೆ ಹೇಳುವ ಲೆಕ್ಕಗಳೆಲ್ಲ 3,000ರಿಂದ 3,300 ಮೀಟರ್ ಎತ್ತರದ, ಒಂದು ಹೆಕ್ಟೇರ್ ವಿಸ್ತಾರದ, ಕನಿಷ್ಠ ಒಂದು ಬದಿಯಲ್ಲಿ ಹಳೆಯ ಕಾಡು ತಾಗಿರುವ ಏಣಿನ ಹುಲ್ಲುಗಾವಲಿಗೆ.

ಮೊದಲು ಹೂವಿನ ಲೆಕ್ಕ

ನಾಲ್ಕೂವರೆ ಗ್ರಾಂ ತೂಗುವ ಹಮ್ಮಿಂಗ್ ಬರ್ಡ್ ದಿನಕ್ಕೆ ಹೆಚ್ಚೂಕಡಿಮೆ 30 ಕಿಲೋಜೂಲ್ ಶಕ್ತಿ ಖರ್ಚು ಮಾಡುತ್ತದೆ. ಒಂದು ಗ್ರಾಂ ಸಕ್ಕರೆಯಿಂದ ಸಿಗುವುದು ಸುಮಾರು 16 ಕಿಲೋಜೂಲ್. ಅಂದರೆ ದಿನಕ್ಕೆ ಎರಡು ಗ್ರಾಂ ಸಕ್ಕರೆ ಬೇಕು. ತನ್ನ ತೂಕದ ಅರ್ಧಕ್ಕೆ ಹತ್ತಿರ! ಒಂದು ಹೂವು ದಿನಕ್ಕೆ 10 ಮೈಕ್ರೊಲೀಟರ್ ಮಕರಂದ ಕೊಡುತ್ತದೆ, ಅದರಲ್ಲಿ ಐದನೇ ಒಂದು ಪಾಲು ಸಕ್ಕರೆ ಎಂದು ಹಿಡಿದರೆ ಹೂವಿಗೆ 2 ಮಿಲಿಗ್ರಾಂ ಆಯಿತು. ಒಂದು ಹಕ್ಕಿಗೆ ಒಂದು ದಿನಕ್ಕೆ 1,000 ಹೂವು.

ಇದು ಆ ಹಕ್ಕಿ ಒಂದೇ ತಿಂದರೆ. ಅದೇ ಕಾಡಿನಲ್ಲಿ ಇದಕ್ಕಿಂತ ದೊಡ್ಡ ಹಮ್ಮಿಂಗ್ ಬರ್ಡ್‌ಗಳು ಹತ್ತಾರು ಜಾತಿ ಇವೆ. ಗ್ರೇಟ್ ಸಫೈರ್‌ವಿಂಗ್, ಬಫ್‌ವಿಂಗ್ಡ್ ಸ್ಟಾರ್‌ಫ್ರಂಟ್‌ಲೆಟ್ ಇಂಥವು ಒಳ್ಳೆಯ ಪೊದೆ ಕಂಡರೆ ಕಾವಲು ಕೂತು ಚಿಕ್ಕವನ್ನು ಅಟ್ಟುತ್ತವೆ. ಐದರಲ್ಲಿ ಒಂದು ಪಾಲು ಪಫ್‌ಲೆಗ್‌ಗೆ ದಕ್ಕಿತು ಎಂದುಕೊಂಡರೂ ದಿನಕ್ಕೆ 5,000 ಹೂವು ಅರಳಿರಬೇಕು. ಒಂದು ಪೊದೆಯಲ್ಲಿ ಒಂದು ದಿನ 40 ಹೂವು ತೆರೆದಿದ್ದರೆ 125 ಪೊದೆ, ಅದೂ ಆ ತಿಂಗಳಲ್ಲೇ ಅರಳುವ ಜಾತಿಯವು. ಒಂದು ಹೆಕ್ಟೇರ್ ನೆಡುತೋಪು ಒಂದೇ ಒಂದು ಹಕ್ಕಿಯನ್ನೂ ವರ್ಷವಿಡೀ ಸಾಕಲಾರದು ಎನ್ನುವುದು ಇದರಿಂದಲೇ ಗೊತ್ತಾಗುತ್ತದೆ. ಪಕ್ಕದಲ್ಲಿ ಹಳೆಯ ಕಾಡು ಇರಬೇಕು ಎಂದದ್ದು ಅದಕ್ಕೇ. ಕಾಡಿನಿಂದ ಅರ್ಧ ಕಿಲೋಮೀಟರ್ ದೂರ ಬೋಳು ಬಯಲಿನ ನಡುವೆ ನೆಟ್ಟ ತೋಪು ದುಂಬಿಗಳಿಗೆ ಒಳ್ಳೆಯದು, ಮಣ್ಣಿಗೆ ಒಳ್ಳೆಯದು. ಈ ಹಕ್ಕಿಗೆ ಸದ್ಯಕ್ಕೆ ಏನೂ ಅಲ್ಲ.

ಇನ್ನೊಂದು ವಿಷಯ: ಈ ಹಕ್ಕಿ ಹೂವಿನ ಹಿಂದೆ ಬೆಟ್ಟ ಹತ್ತಿ ಇಳಿಯುತ್ತದೆ. ನವೆಂಬರ್‌ನಿಂದ ಫೆಬ್ರವರಿವರೆಗೆ 3,100 ಮೀಟರಿಗಿಂತ ಮೇಲಿನ ಏಣುಗಳಲ್ಲಿ, ಉಳಿದ ತಿಂಗಳುಗಳಲ್ಲಿ ಅದಕ್ಕಿಂತ ಕೆಳಗೆ ಹೆಚ್ಚಾಗಿ ಕಂಡಿದೆ. ಆದ್ದರಿಂದ ನಿಮ್ಮ ಜಾಗದ ಎತ್ತರ ನೋಡಿ, ಅಲ್ಲಿ ಯಾವ ತಿಂಗಳು ಹೂವಿನ ಕೊರತೆ ಇದೆ ಎಂದು ಮೊದಲು ಕಂಡುಕೊಳ್ಳಿ. ಇದಕ್ಕೆ ಪಕ್ಕದ ಕಾಡಿನ ಅಂಚಿನಲ್ಲಿ 100 ಮೀಟರ್ ಉದ್ದ, 4 ಮೀಟರ್ ಅಗಲದ ಒಂದು ಪಟ್ಟಿ ಗುರುತು ಮಾಡಿ. ಹದಿನೈದು ದಿನಕ್ಕೊಮ್ಮೆ ಅದರಲ್ಲಿ ನಡೆದು ತೆರೆದ ಹೂಗಳನ್ನು ಜಾತಿವಾರು ಎಣಿಸಿ. ಮೊಗ್ಗು ಲೆಕ್ಕಕ್ಕಿಲ್ಲ, ಬಾಡಿದ್ದು ಲೆಕ್ಕಕ್ಕಿಲ್ಲ. ನೆಡುವ ಮುಂಚೆ ಒಂದು ವರ್ಷ ಪೂರ್ತಿ ಎಣಿಸಿದರೆ ಉತ್ತಮ. ಸಸಿ ಬೆಳೆಯಲು ಹೇಗೂ ಒಂದು ವರ್ಷ ಹಿಡಿಯುತ್ತದೆ, ಆ ಕಾಲ ವ್ಯರ್ಥವಲ್ಲ.

ಎಣಿಸುವಾಗ ಹೂವಿನ ಬುಡವನ್ನೂ ನೋಡಿ. ಕೊಳವೆಯ ಬುಡದಲ್ಲಿ ಸೂಜಿ ಚುಚ್ಚಿದ ಹಾಗೆ ತೂತು ಇದ್ದರೆ ಅದು ಫ್ಲವರ್‌ಪಿಯರ್ಸರ್ ಹಕ್ಕಿಯ ಕೆಲಸ. ಅದರ ಮೇಲ್ಕೊಕ್ಕಿನ ತುದಿ ಕೊಕ್ಕೆಯಂತೆ ಬಾಗಿದೆ. ಹೂವನ್ನು ಹಿಡಿದು ಬುಡ ಚುಚ್ಚಿ ಮಕರಂದ ಕದಿಯುತ್ತದೆ. ತೂತು ಬಿದ್ದ ಹೂವು ಕಣ್ಣಿಗೆ ತಾಜಾ, ಒಳಗೆ ಹೆಚ್ಚಾಗಿ ಖಾಲಿ. ಅವನ್ನು ಬೇರೆ ಅಂಕಣದಲ್ಲಿ ಬರೆಯಿರಿ.

ಬೇಲಿ, ಆಮೇಲೆ ಕಿಕುಯು

ಒಂದು ಹೆಕ್ಟೇರ್ ಚೌಕಕ್ಕೆ 400 ಮೀಟರ್ ಬೇಲಿ. ಎರಡೂವರೆ ಮೀಟರಿಗೊಂದು ಕಂಬವಾದರೆ 160 ಕಂಬ, ನಾಲ್ಕು ಎಳೆಗೆ 1,600 ಮೀಟರ್ ತಂತಿ, ಬಿಗಿತಕ್ಕೂ ಸುತ್ತಿಗೂ ಇನ್ನೊಂದು 80 ಮೀಟರ್. ನಡುವಿನ ಎರಡು ಎಳೆ ಮಾತ್ರ ಮುಳ್ಳುತಂತಿ ಸಾಕು, ಮೇಲಿನದೂ ಕೆಳಗಿನದೂ ನುಣುಪಾದ ತಂತಿ ಇರಲಿ. ಕಾಡುಪ್ರಾಣಿ ನುಸುಳುವುದು ಕೆಳಗೆ, ಹಾರುವುದು ಮೇಲೆ. ಕಂಬಕ್ಕೆ ಪಕ್ಕದ ಕಾಡಿನ ಮರ ಕಡಿಯುವ ಯೋಚನೆಯೇ ಬೇಡ. 160 ಕಂಬ ಎಂದರೆ ಕುಳ್ಳಗಾಡಿನ ಒಂದು ತುಂಡನ್ನೇ ಬೋಳಿಸಿದ ಹಾಗೆ. ತೋಪಿನ ನೀಲಗಿರಿ ಕಂಬ ತನ್ನಿ. ನೀಲಗಿರಿಗೆ ಈ ಬೆಟ್ಟದಲ್ಲಿ ಇರುವ ಒಳ್ಳೆಯ ಉಪಯೋಗ ಅದೊಂದೇ ಎನ್ನಬಹುದು.

ದನ ಹೊರಗಾದ ಕೂಡಲೇ ಹೊಸ ತೊಂದರೆ ಶುರು. ಇಲ್ಲಿನ ಹುಲ್ಲುಗಾವಲುಗಳಲ್ಲಿ ತುಂಬಿರುವುದು ಆಫ್ರಿಕಾದಿಂದ ಬಂದ ಕಿಕುಯು ಹುಲ್ಲು. ನೆಲದ ಮೇಲೂ ಒಳಗೂ ಬಳ್ಳಿ ಓಡಿಸಿ ಚಾಪೆ ಹೆಣೆಯುತ್ತದೆ. ದನ ಮೇಯುತ್ತಿದ್ದಾಗ ಬೆರಳುದ್ದ ಇದ್ದದ್ದು ಮೇವು ನಿಂತ ಕೆಲವೇ ತಿಂಗಳಲ್ಲಿ ಮೊಣಕಾಲು ಮುಟ್ಟಿ ಸಸಿಗಳನ್ನು ಮುಚ್ಚಿ ಹಾಕುತ್ತದೆ. ಒಣಗಿದರೆ ಬೆಂಕಿಗೆ ಒಳ್ಳೆಯ ಸೌದೆ. ಬೇಲಿ ಹಾಕಿ ಕಾಡು ತಾನಾಗಿ ಬರಲಿ ಎಂದು ಬಿಟ್ಟ ಜಾಗಗಳಲ್ಲಿ ಹತ್ತು ವರ್ಷ ಕಳೆದರೂ ಹುಲ್ಲೇ ಇರುವುದು ಈ ಕಾರಣಕ್ಕೆ. ಬೀಜ ಬೀಳುತ್ತದೆ, ಮಣ್ಣು ಮುಟ್ಟುವುದಿಲ್ಲ.

ಇಡೀ ಹೆಕ್ಟೇರಿನ ಹುಲ್ಲು ಕೀಳಲು ಹೋಗಬೇಡಿ, ಆಗದ ಕೆಲಸ. ಕಿತ್ತರೆ ಮಳೆಗೆ ಮಣ್ಣೂ ಇಳಿದುಹೋಗುತ್ತದೆ. 20 ಗುಂಪುಗಳಲ್ಲಿ ನೆಡಿ. ಒಂದೊಂದು ಗುಂಪು ಆರು ಮೀಟರ್ ಚೌಕ, ಗುಂಪಿನ ನಡುವಿನಿಂದ ಮುಂದಿನದರ ನಡುವಿಗೆ ಸುಮಾರು 22 ಮೀಟರ್. ಮೊದಲ ನಾಲ್ಕೈದು ಗುಂಪು ಕಾಡಿನ ಅಂಚಿಗೆ ತಾಗಿರಲಿ. ಉಳಿದವು ಏಣಿನ ಬೆನ್ನ ಮೇಲೆ ಸಾಲಾಗಿ ಸಾಗಲಿ. ಹುಲ್ಲು ತೆಗೆಯುವುದು ಆ ಚೌಕಗಳಲ್ಲಿ ಮಾತ್ರ:

1. ನೆಡುವುದಕ್ಕೆ ಎರಡು ತಿಂಗಳು ಮುಂಚೆ, ಅಂದರೆ ಆಗಸ್ಟ್‌ನಲ್ಲಿ, ಕುಡುಗೋಲಿನಿಂದ ಬುಡಕ್ಕೆ ಕೊಯ್ಯಿರಿ.
2. ಗುದ್ದಲಿಯಿಂದ 10 ಸೆಂ.ಮೀ. ಆಳದ ಚಾಪೆಯನ್ನು ಹೋಳು ಹೋಳಾಗಿ ಎಬ್ಬಿಸಿ ಬೇರು ಮೇಲಾಗಿ ಮಗುಚಿ. ಬಿಸಿಲಿಗೆ ಎರಡು ವಾರ ಒಣಗಲಿ. ಹಸಿ ಇರುವಾಗಲೇ ಬದಿಗೆ ರಾಶಿ ಹಾಕಿದರೆ ರಾಶಿಯಿಂದಲೇ ಮತ್ತೆ ಚಿಗುರುತ್ತದೆ.
3. ಬಣ್ಣದ ಮುದ್ರಣ ಇಲ್ಲದ ರಟ್ಟನ್ನು ಅಂಚು ಒಂದರ ಮೇಲೊಂದು ಒಂದು ಗೇಣು ಬರುವಂತೆ ಹಾಸಿ, ಮೇಲೆ ಅದೇ ಒಣಹುಲ್ಲು ಹೊದಿಸಿ.
4. ನೆಟ್ಟ ಮೇಲೆ ಮೊದಲ ವರ್ಷ ಆರರಿಂದ ಎಂಟು ವಾರಕ್ಕೊಮ್ಮೆ ಚೌಕದ ಸುತ್ತ ಗುದ್ದಲಿಯಿಂದ ಗೆರೆ ಕಡಿಯಿರಿ, ಹೊರಗಿನ ಬಳ್ಳಿ ಒಳಗೆ ನುಗ್ಗದಿರಲಿ.

ನಾಲ್ಕನೆಯದನ್ನು ಬಿಟ್ಟವರು ಮೊದಲ ಮೂರನ್ನು ಮಾಡದಿದ್ದರೂ ನಡೆಯುತ್ತಿತ್ತು. ಕಿಕುಯು ಸೋಲುವುದು ನೆರಳಿಗೆ, ಮತ್ತೊಂದಕ್ಕಲ್ಲ. ನೆರಳು ಬರುವ ತನಕ ಗೆರೆ ಕಡಿಯುತ್ತಲೇ ಇರಬೇಕು.

ಹುಲ್ಲಿನ ನಡುವೆ ಅಲ್ಲಲ್ಲಿ ಚಿಲ್ಕಾ ಪೊದೆ ಎದ್ದಿದ್ದರೆ ಕಡಿಯಬೇಡಿ. ಜಾಗ ಚೊಕ್ಕಟ ಮಾಡುವ ಉಮೇದಿನಲ್ಲಿ ಮೊದಲು ಬಲಿಯಾಗುವುದು ಅದೇ. ಸಸಿಯನ್ನು ಹಿಮದಿಂದಲೂ ಗಾಳಿಯಿಂದಲೂ ಕಾಯುವ ಪುಕ್ಕಟೆ ಚಪ್ಪರ ಅದು.

ಯಾವ ಗಿಡ, ಎಷ್ಟು

ಗುಂಪಿಗೆ 25 ಗಿಡ, ಒಟ್ಟು 500. ಆದರೆ ಒಂದೇ ಸಲಕ್ಕಲ್ಲ. ಮೊದಲ ಮಳೆಗಾಲಕ್ಕೆ ಗುಂಪಿಗೆ 18: ನಾಲ್ಕು ಅಲಿಸೊ, ಮೂರು ಪುಮಮಾಕಿ (ಓರಿಯೊಪನಾಕ್ಸ್ ಕುಲದ ಮರ), ಆರು ಮಿಕೋನಿಯಾ, ಐದು ಫ್ಯೂಷಿಯಾ. ಮೂರನೇ ವರ್ಷ, ನೆರಳು ಬಿದ್ದ ಮೇಲೆ, ಉಳಿದ ಏಳು: ನಾಲ್ಕು ಪಾಲಿಕೂರಿಯಾ, ಮೂರು ಹೊಯಾಪಾ. ಈ ಕೊನೆಯ ಎರಡನ್ನು ಮೊದಲ ವರ್ಷವೇ ಬಯಲಿಗೆ ನೆಟ್ಟರೆ ಒಂದು ಬೇಸಿಗೆ ದಾಟುವುದಿಲ್ಲ. ಹಕ್ಕಿಗೆ ನಿಜವಾಗಿ ಬೇಕಾದ ಗಿಡ ಇವೇ ಆದದ್ದರಿಂದ ಅವಸರಪಡುವವರು ಹೆಚ್ಚು, ಕಳೆದುಕೊಳ್ಳುವವರೂ ಹೆಚ್ಚು.

ಅಲಿಸೊ ಆಂಡಿಸ್‌ನ ಆಲ್ಡರ್ ಮರ. ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳಿಂದ ಗಾಳಿಯ ಸಾರಜನಕವನ್ನು ಮಣ್ಣಿಗೆ ತರುತ್ತದೆ. ಬೇಗ ಬೆಳೆದು ನೆರಳು ಕೊಡುತ್ತದೆ. ಅದರ ಹೂವಿನಲ್ಲಿ ಮಕರಂದವಿಲ್ಲ, ಹಕ್ಕಿಗೆ ನೇರ ಲಾಭವಿಲ್ಲ. ಕಾಯಿ ಹಸಿರಿನಿಂದ ಕಂದಿಗೆ ತಿರುಗುವಾಗ, ಬಾಯಿ ಬಿಡುವ ಮುಂಚೆ ಕೀಳಿ, ನೆರಳಲ್ಲಿ ಕಾಗದದ ಮೇಲೆ ಒಣಗಿಸಿ ಕುಲುಕಿದರೆ ಬೀಜ ಉದುರುತ್ತದೆ. ಮೊಳೆಯುವ ಶಕ್ತಿ ಬೇಗ ಕಳೆದುಕೊಳ್ಳುವ ಬೀಜ, ಬೇಗ ಬಿತ್ತಿ. ಸಸಿಮಡಿಯ ಮಣ್ಣಿಗೆ ಹಳೆಯ ಅಲಿಸೊ ಮರದ ಬುಡದಿಂದ ಒಂದೆರಡು ಬೊಗಸೆ ಮಣ್ಣು ಬೆರೆಸಲೇಬೇಕು. ಬೇರಿನ ಗಂಟು ಕಟ್ಟುವ ಜೀವಿ ಬರುವುದು ಅದರಿಂದ. ಬೆರೆಸದಿದ್ದರೆ ಎಲೆ ಹಳದಿಯಾಗಿ ಸಸಿ ಗೇಣುದ್ದಕ್ಕೇ ಕೂರುತ್ತದೆ.

ಮಿಕೋನಿಯಾ ಜಾತಿಗಳಲ್ಲಿ ಹೆಚ್ಚಿನವು ಅರಳುವುದು ದುಂಬಿ, ಜೇನುಗಳಿಗಾಗಿ. ಆದರೂ ಅಷ್ಟೊಂದು ನೆಡುವುದು ಹಣ್ಣಿಗಾಗಿ. ಹಣ್ಣು ತಿನ್ನಲು ಬರುವ ಹಕ್ಕಿಗಳು ಹಿಕ್ಕೆಯ ಜೊತೆ ಕಾಡಿನ ಹತ್ತಾರು ಗಿಡಗಳ ಬೀಜ ತರುತ್ತವೆ. ಬೀಜ ರವೆಗಿಂತ ಸಣ್ಣದು, ಮೊಳೆಯಲು ಬೆಳಕು ಬೇಕು. ಹಣ್ಣು ಕಿವುಚಿ ನೀರಲ್ಲಿ ತೊಳೆದು, ಜರಡಿ ಹಿಡಿದ ಮಣ್ಣಿನ ಮೇಲೆ ಉದುರಿಸಿ, ಮೇಲೆ ಮಣ್ಣು ಮುಚ್ಚಬೇಡಿ. ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಸಾಕು.

ಫ್ಯೂಷಿಯಾ ಕಡ್ಡಿಯಿಂದ ಬರುತ್ತದೆ, ಆದ್ದರಿಂದ ಮೊದಲು ಹೂವು ಕಾಣುವುದು ಇದರಲ್ಲೇ. ಬಲಿತೂ ಬಲಿಯದ ಕೊಂಬೆಯಿಂದ ಮೂರು ಗಿಣ್ಣಿನ, 10–12 ಸೆಂ.ಮೀ. ಕಡ್ಡಿ ಕತ್ತರಿಸಿ, ಕೆಳಗಿನ ಎಲೆ ಕಿತ್ತು, ಎರಡು ಗಿಣ್ಣು ಮರಳಿನೊಳಗೆ ಹೋಗುವಂತೆ ಊರಿ. ಈ ಚಳಿಗೆ ಬೇರು ಬರಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಒಂದೇ ಪೊದೆಯಿಂದ ನೂರು ಕಡ್ಡಿ ಕತ್ತರಿಸಬೇಡಿ, ಕಡಿಮೆಯೆಂದರೆ 15 ತಾಯಿಗಿಡ ಇರಲಿ. ಪೇಟೆಯ ಅಲಂಕಾರದ ಫ್ಯೂಷಿಯಾ ಖಂಡಿತ ಬೇಡ. ಎರಡು ಪದರದ ದಳ ಹೊತ್ತ ಆ ಹೂಗಳು ನೋಟಕ್ಕೆ ಮಾತ್ರ. ಕಾಡಿನ ಫ್ಯೂಷಿಯಾದೊಡನೆ ಬೆರಕೆಯಾಗುವ ಅಪಾಯ ಬೇರೆ.

ಪಾಲಿಕೂರಿಯಾ ವಿಷಯದಲ್ಲಿ ಒಂದು ಸೂಕ್ಷ್ಮ ಉಂಟು. ಇದರ ಬಹಳಷ್ಟು ಜಾತಿಗಳಲ್ಲಿ ಎರಡು ಬಗೆಯ ಗಿಡಗಳಿರುತ್ತವೆ: ಒಂದರ ಹೂವಿನಲ್ಲಿ ಶಲಾಕೆ ಉದ್ದ, ಕೇಸರ ಗಿಡ್ಡ. ಇನ್ನೊಂದರಲ್ಲಿ ತಿರುವುಮುರುವು. ಒಂದು ಬಗೆಯ ಪರಾಗ ಇನ್ನೊಂದು ಬಗೆಗೆ ತಲುಪಿದರೆ ಮಾತ್ರ ಕಾಯಿ ಚೆನ್ನಾಗಿ ಕಟ್ಟುತ್ತದೆ. ಒಂದೆರಡು ಗಿಡದಿಂದಲೇ ಬೀಜ ತಂದು ಎಲ್ಲ ಒಂದೇ ಬಗೆಯದಾದರೆ ಹೂವು ಅರಳುತ್ತದೆ, ಹಕ್ಕಿಯೂ ಬರಬಹುದು, ಮುಂದಿನ ಪೀಳಿಗೆಯ ಸಸಿ ಮಾತ್ರ ಏಳುವುದಿಲ್ಲ. ಹೂಬಿಟ್ಟಾಗಲೇ ಎರಡೂ ಬಗೆಯ ಗಿಡಗಳಿಗೆ ಬೇರೆ ಬೇರೆ ಬಣ್ಣದ ದಾರ ಕಟ್ಟಿಟ್ಟು, ಹಣ್ಣಾದಾಗ ಸಮಸಮ ಬೀಜ ತನ್ನಿ. ತಿರುಳು ತೊಳೆದು ತಾಜಾ ಇರುವಾಗಲೇ ನೆರಳಲ್ಲಿ ಬಿತ್ತಿ.

ಹೊಯಾಪಾ ಎಂದರೆ ಮ್ಯಾಕ್ಲೀನಿಯಾ, ಬ್ಲೂಬೆರಿಯ ಬಳಗ. ಮೇಣದಂಥ ಕೆಂಪು ಕೊಳವೆ ಹೂವು. ಇದೇ ಬಳಗದ ತಿಬೌಡಿಯಾ, ಡಿಸ್ಟೆರಿಗ್ಮಾ ಸಿಕ್ಕರೆ ಅವನ್ನೂ ಬೆಳೆಸಬಹುದು, ವಿಧಾನ ಒಂದೇ. ಇವೆಲ್ಲ ಹುಳಿ ಮಣ್ಣಿನ ಗಿಡಗಳು. ಸುಣ್ಣ, ಬೂದಿ ತಾಗಕೂಡದು. ಹಳೆಯ ಇದ್ದಿಲು ಗುಂಡಿಯ ಕಪ್ಪು ಮಣ್ಣು ಫಲವತ್ತಾಗಿ ಕಂಡರೂ ಅಲ್ಲಿ ಬೂದಿಯ ಕ್ಷಾರ ಉಳಿದಿರುತ್ತದೆ. ಆ ಜಾಗಕ್ಕೆ ಫ್ಯೂಷಿಯಾ ಹಾಕಿ, ಹೊಯಾಪಾ ಬೇಡ. ಬೀಜ ಬಿತ್ತುವುದು ಬಿದ್ದ ಕೊಂಬೆಯಿಂದ ಎತ್ತಿಕೊಂಡ ಒದ್ದೆ ಹಾವಸೆಯ ಮೇಲೆ. ತಾಯಿಗಿಡದ ಬುಡದ ಒಂದು ಹಿಡಿ ಕೊಳೆತ ಎಲೆ ಸೇರಿಸಿ, ಬೇರಿಗೆ ಬೇಕಾದ ಶಿಲೀಂಧ್ರ ಅದರಲ್ಲಿದೆ. ನೆಡುವ ಗಾತ್ರಕ್ಕೆ ಬರಲು ಒಂದೂವರೆಯಿಂದ ಎರಡು ವರ್ಷ. ಹಾಗಾಗಿ ಕೊನೆಗೆ ನೆಡುವ ಈ ಗಿಡದ ಬೀಜವನ್ನೇ ಎಲ್ಲಕ್ಕಿಂತ ಮೊದಲು ಬಿತ್ತಬೇಕು.

ಹೂವು ಆರಿಸುವಾಗ ಕೊಳವೆಯ ಉದ್ದ ನೋಡಿ. ಈ ಪಫ್‌ಲೆಗ್‌ನ ಕೊಕ್ಕು ನೇರ, ಸುಮಾರು 15 ಮಿ.ಮೀ. ಅದಕ್ಕೆ ಒಂದೆರಡು ಸೆಂಟಿಮೀಟರ್ ಕೊಳವೆಯ ಹೂವು ಹಿಡಿಸುತ್ತದೆ. ಹಮ್ಮಿಂಗ್ ಬರ್ಡ್ ತೋಟ ಎಂದ ಕೂಡಲೇ ಎಲ್ಲರೂ ನೆಡುವ ತಾಕ್ಸೊ ಬಳ್ಳಿ, ಜೋತುಬೀಳುವ ಬ್ರುಗ್‌ಮ್ಯಾನ್ಸಿಯಾ ನೋಡಲು ಬಲು ಚೆಂದ. ಆದರೆ ಆ ಗೇಣುದ್ದದ ಕೊಳವೆ ಕತ್ತಿಕೊಕ್ಕಿನ ಹಮ್ಮಿಂಗ್ ಬರ್ಡ್‌ಗೆ ಮಾಡಿಸಿದ್ದು. ನಮ್ಮ ಹಕ್ಕಿಗೆ ಅದು ಬಾವಿಯ ತಳದ ನೀರು.

ಸಸಿಮಡಿಯ ಉಳಿದ ವಿವರ ಸರಳ. ಕಾಡಂಚಿನ ಮೇಲ್ಮಣ್ಣು ಎರಡು ಪಾಲು, ಪೊಮಿನಾ ಎಂದು ಅಲ್ಲಿ ಕರೆಯುವ ಹಗುರ ಜ್ವಾಲಾಮುಖಿ ಮರಳು ಒಂದು ಪಾಲು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಒಂದು ಪಾಲು. ಹೊಯಾಪಾ ಬಳಗಕ್ಕೆ ಗೊಬ್ಬರದ ಬದಲು ಎಲೆಗೊಬ್ಬರ. ಚೀಲದ ತಳದಲ್ಲಿ ತೂತು ಇರಲಿ. ಕೊನೆಯ ಎರಡು ತಿಂಗಳು ನೆರಳುಬಲೆ ಹಂತಹಂತವಾಗಿ ತೆಗೆದು ನೀರು ಕಡಿಮೆ ಮಾಡಿ. ಮೆತ್ತಗೆ ಬೆಳೆದ ಸಸಿಯನ್ನು ನೇರ ಏಣಿಗೆ ಒಯ್ದರೆ ಮೊದಲ ಚಳಿಗಾಳಿಗೇ ಎಲೆ ಸುಟ್ಟುಕೊಳ್ಳುತ್ತದೆ.

ನೆಡುವುದು

ಕೀಟೊ ಸುತ್ತ ಮಳೆ ಹೆಚ್ಚು ಅಕ್ಟೋಬರ್‌ನಿಂದ ಮೇವರೆಗೆ, ಒಣಗಾಲ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಎರಡು ಮೂರು ಒಳ್ಳೆಯ ಮಳೆ ಬಿದ್ದು ಒಂದು ಅಡಿ ಆಳ ನೆಂದ ಮೇಲೆ, ಅಕ್ಟೋಬರ್ ಕೊನೆಯಲ್ಲೋ ನವೆಂಬರ್‌ನಲ್ಲೋ ನೆಡಿ. ಏಪ್ರಿಲ್‌ನಲ್ಲಿ ನೆಟ್ಟದ್ದು ಬೇರೂರುವ ಮುಂಚೆ ಒಣಗಾಲ ಬರುತ್ತದೆ.

30 ಸೆಂ.ಮೀ. ಉದ್ದ, ಅಗಲ, ಆಳದ ಗುಂಡಿ. ಇಲ್ಲಿನ ಜ್ವಾಲಾಮುಖಿ ಮಣ್ಣು ಕಪ್ಪು, ಹಗುರ, ಸ್ಪಂಜಿನ ಹಾಗೆ ನೀರು ಹಿಡಿಯುತ್ತದೆ. ಆದರೆ ದಶಕಗಳ ಕಾಲ ದನ ತುಳಿದ ಕಡೆ ಮೇಲಿನ ಪದರ ಇಟ್ಟಿಗೆಯಾಗಿರುತ್ತದೆ. ಗುಂಡಿಯ ಗೋಡೆಯನ್ನು ಹಾರೆಯಿಂದ ಒರಟು ಮಾಡಿ, ತಳವನ್ನು ಒಂದು ಗೇಣು ಸಡಿಲಿಸಿ. ನಯವಾದ ಗೋಡೆಯ ಗುಂಡಿಯಲ್ಲಿ ಬೇರು ಕುಂಡದಲ್ಲಿ ಸುತ್ತಿದ ಹಾಗೆ ಅಲ್ಲೇ ಸುತ್ತುತ್ತದೆ. ಈ ಮಣ್ಣಿಗೆ ಇನ್ನೊಂದು ಗುಣವಿದೆ, ರಂಜಕವನ್ನು ಬಿಗಿಯಾಗಿ ಹಿಡಿದಿಟ್ಟು ಗಿಡಕ್ಕೆ ಬಿಡುವುದಿಲ್ಲ. ಆದ್ದರಿಂದ ಗೊಬ್ಬರವನ್ನು ಮೇಲೆ ಎರಚದೆ ಬೇರಿನ ಪಕ್ಕಕ್ಕೇ ಕೊಡಿ. ಸಸಿಯ ಕೊರಳು ನೆಲಮಟ್ಟಕ್ಕೆ ಸರಿಯಾಗಿರಲಿ. ಕಾಲಿಂದ ತುಳಿದು ಗಾಳಿಸಂದು ತೆಗೆಯಿರಿ. ಎರಡು ಬೆರಳಲ್ಲಿ ತುದಿ ಹಿಡಿದು ಮೆಲ್ಲಗೆ ಎಳೆದಾಗ ಗಿಡ ಮೇಲೆ ಬಂದರೆ ನೆಟ್ಟದ್ದು ಸಡಿಲ.

ಹಿಮ ಕೂರುವುದು ತಗ್ಗಿನಲ್ಲಿ. ನಿರಭ್ರ ರಾತ್ರಿಗಳಲ್ಲಿ ತಣ್ಣನೆಯ ಗಾಳಿ ನೀರಿನ ಹಾಗೆ ಇಳಿದು ಬಟ್ಟಲಿನಾಕಾರದ ತಗ್ಗುಗಳಲ್ಲಿ ನಿಲ್ಲುತ್ತದೆ. ಏಣಿನ ಮೇಲೆ ಹಿಮ ಕಡಿಮೆ, ಗಾಳಿ ಜಾಸ್ತಿ. ಪ್ರತಿ ಗುಂಪಿನಲ್ಲಿ ಗಾಳಿ ಬರುವ ಕಡೆಗೆ ಅಲಿಸೊ, ಮಿಕೋನಿಯಾ, ಮರೆಯಲ್ಲಿ ಫ್ಯೂಷಿಯಾ. ಗಿಡದಿಂದ ಗಿಡಕ್ಕೆ 1.2 ಮೀಟರ್. ಕಾಡು ಬೆಳೆಸುವವರ ಕಣ್ಣಿಗೆ ಇದು ಇಕ್ಕಟ್ಟು. ಆದರೆ ಬೇಗ ನೆರಳು ಕೂಡಿಸಿ ಕಿಕುಯುವನ್ನು ಮುಗಿಸುವುದೇ ಇಲ್ಲಿನ ಉದ್ದೇಶ.

ಗುಂಪುಗಳ ನಡುವೆ ನಾಲ್ಕು ಮೀಟರ್ ಎತ್ತರದ ಗೂಟಕ್ಕೆ ಅಡ್ಡಪಟ್ಟಿ ಹೊಡೆದು ಹಕ್ಕಿ ಕೂರುವ ಕಂಬ ನಿಲ್ಲಿಸಬಹುದು, ಹೆಕ್ಟೇರಿಗೆ ಹತ್ತು ಸಾಕು. ಕೆಳಗೆ ಒಂದೂವರೆ ಮೀಟರ್ ಸುತ್ತ ಹುಲ್ಲು ಕೆತ್ತಿ ಮಣ್ಣು ಬಿಡಿಸಿಡಿ. ಕೆತ್ತದಿದ್ದರೆ ಉದುರಿದ ಬೀಜವೆಲ್ಲ ಹುಲ್ಲಿನ ಚಾಪೆಯ ಮೇಲೇ ಒಣಗುತ್ತದೆ.

ಮೂರು ತಿಂಗಳಿಗೆ ಒಮ್ಮೆ, ಹನ್ನೆರಡು ತಿಂಗಳಿಗೆ ಇನ್ನೊಮ್ಮೆ ಪ್ರತಿ ಗಿಡ ನೋಡಿ. ಸತ್ತ ಗಿಡವನ್ನು ಕಿತ್ತು ಬೇರು ನೋಡದೆ ಹೊಸದು ನೆಡಬೇಡಿ. ಬೇರು ಚೀಲದ ಆಕಾರದಲ್ಲೇ ಇದ್ದರೆ ಸಸಿಮಡಿಯ ತಪ್ಪು, ಬೇರು ಒಣಗಿ ಪುಡಿಯಾದರೆ ಗಾಳಿಸಂದು, ಕಪ್ಪಾಗಿ ಕೊಳೆತಿದ್ದರೆ ನೀರು ನಿಂತಿದೆ. ಕಾಂಡ ನೆಲದಿಂದ ಗೇಣೆತ್ತರದಲ್ಲಿ ಓರೆಯಾಗಿ ನೀಟಾಗಿ ಕತ್ತರಿಸಿದಂತಿದ್ದರೆ ಮೊಲ, ಅದಕ್ಕೆ ಅರ್ಧ ಮೀಟರ್ ಎತ್ತರದ ಜಾಲರಿ ಬೇಕು. ತುದಿ ಮಾತ್ರ ಕರಕಲಾದರೆ ಹಿಮ, ಬುಡದಿಂದ ಚಿಗುರುವ ತನಕ ಕಾಯಿರಿ. ಜೂನ್ ಮೊದಲ ವಾರದೊಳಗೆ ಬೇಲಿಯ ಉದ್ದಕ್ಕೂ ಮೂರು ಮೀಟರ್ ಅಗಲ ಹುಲ್ಲು ಕೊಯ್ದು ಬೆಂಕಿರೇಖೆ ಮಾಡಿ. ಕೊಯ್ದ ಹುಲ್ಲನ್ನು ಅಲ್ಲೇ ಬಿಟ್ಟರೆ ರೇಖೆ ಮಾಡಿಯೂ ಮಾಡದ ಹಾಗೆ.

ಸಕ್ಕರೆ ನೀರಿನ ಮಾತು

ಪಿಚಿಂಚಾದ ಜುರೋ ಲೋಮಾ ಎಂಬ ಕಾದಿಟ್ಟ ಕಾಡಿನಲ್ಲಿ ಈ ಪಫ್‌ಲೆಗ್ ಸಕ್ಕರೆ ನೀರಿನ ಬಟ್ಟಲಿಗೆ ಬರುವುದುಂಟು, ನೋಡಲು ಹೋಗುವವರಿಗೆ ಅದೊಂದು ಅನುಕೂಲ. ಆದರೆ ಹೂಕಾಡಿಗೆ ಇದು ಬದಲಿಯಲ್ಲ. ಸಕ್ಕರೆ ನೀರಿನಲ್ಲಿ ಬರೀ ಶಕ್ತಿ ಇದೆ. ಮರಿಗೆ ಬೇಕಾದ ಪ್ರೋಟೀನು ಬರುವುದು ಸಣ್ಣ ಕೀಟ, ಜೇಡಗಳಿಂದ. ಅವು ಇರುವುದು ಹಾವಸೆಯಲ್ಲಿ, ಎಲೆಯಡಿಯಲ್ಲಿ. ಇಡಲೇಬೇಕೆಂದರೆ ಒಂದು ಅಳತೆ ಬಿಳಿ ಸಕ್ಕರೆಗೆ ನಾಲ್ಕು ಅಳತೆ ನೀರು. ಜೇನು ಬೇಡ, ಬೆಲ್ಲ ಬೇಡ, ಬಣ್ಣ ಬೇಡ. ಎರಡು ದಿನಕ್ಕೊಮ್ಮೆ ಚೆಲ್ಲಿ, ಬಿಸಿನೀರಿನಲ್ಲಿ ಬ್ರಷ್ ಹಾಕಿ ತೊಳೆಯಿರಿ. ನೀರು ಮಸುಕಾಗಿದ್ದರೆ ಆಗಲೇ ತಡವಾಯಿತು. ಒಂದೇ ದೊಡ್ಡ ಬಟ್ಟಲು ಇಟ್ಟರೆ ಒಂದು ದೊಡ್ಡ ಹಕ್ಕಿ ಅದಕ್ಕೆ ಯಜಮಾನ ಆಗುತ್ತದೆ. ಒಂದರಿಂದ ಇನ್ನೊಂದು ಕಾಣದ ಹಾಗೆ ನಾಲ್ಕೈದು ಸಣ್ಣವು ಪೊದೆಗಳ ನಡುವೆ ಇರಲಿ.

ಬಂದದ್ದು ಅದೇ ಹಕ್ಕಿಯೇ?

ಬಿಳಿ ಕಾಲುಗುಚ್ಛ ಕಂಡ ಕೂಡಲೇ ಸಂಭ್ರಮಪಡಬೇಡಿ. ಅದೇ ಕಾಡಿನಲ್ಲಿ ಸಫೈರ್‌ವೆಂಟೆಡ್ ಪಫ್‌ಲೆಗ್, ಗೋಲ್ಡನ್ ಬ್ರೆಸ್ಟೆಡ್ ಪಫ್‌ಲೆಗ್ ಇವೆ, ಅವು ಸಾಮಾನ್ಯ, ಅವುಗಳ ಕಾಲಿಗೂ ಅದೇ ಗುಚ್ಛ. ಮೊದಲು ಗಾತ್ರ ನೋಡಿ: ನಮ್ಮದು ಎಂಟೊಂಬತ್ತು ಸೆಂಟಿಮೀಟರ್, ಅವು ಕಣ್ಣಿಗೆ ಕಾಣುವಷ್ಟು ದೊಡ್ಡವು. ಆಮೇಲೆ ಎದೆ: ಗಂಡಿನ ಎದೆ ಹೊಟ್ಟೆ ಮಂಜಿನ ಬೆಳಕಿನಲ್ಲಿ ಇದ್ದಿಲ ಕಪ್ಪು, ಗಂಟಲಲ್ಲೂ ಬಾಲದಡಿಯಲ್ಲೂ ಬೆಳಕು ಬಿದ್ದಾಗ ಮಾತ್ರ ನೀಲಿನೇರಳೆ ಮಿಂಚು. ಹೆಣ್ಣು ಕಪ್ಪಲ್ಲ, ಬೆನ್ನು ಕಂಚುಹಸಿರು, ಕೆಳಗೆ ಹೊಂಬಣ್ಣ ಬೆರೆತ ಹಸಿರು. ತಪ್ಪಾಗುವುದು ಹೆಚ್ಚಾಗಿ ಅದರಲ್ಲೇ. ಇಷ್ಟೇ ಪುಟ್ಟದಾದ ಟಿರಿಯನ್ ಮೆಟಲ್‌ಟೇಲ್ ಕೂಡ ಕಪ್ಪಾಗಿ ಕಾಣುತ್ತದೆ, ಆದರೆ ಅದಕ್ಕೆ ಬಿಳಿ ದೊಡ್ಡ ಗುಚ್ಛವಿಲ್ಲ. ಸಾಧ್ಯವಾದರೆ ಬಾಲ ಮತ್ತು ಬಾಲದಡಿ ಕಾಣುವ ಒಂದು ಫೋಟೋ ತೆಗೆಯಿರಿ.

ಬೆಳಗ್ಗೆ 6ರಿಂದ 9ರವರೆಗೆ ನೋಡಿ. ರಾತ್ರಿಯ ಚಳಿಯಲ್ಲಿ ಹಮ್ಮಿಂಗ್ ಬರ್ಡ್‌ಗಳು ಮೈಬಿಸಿ ಇಳಿಸಿ, ಎದೆಬಡಿತ ತಗ್ಗಿಸಿ ಜಡನಿದ್ರೆಗೆ ಹೋಗುವುದುಂಟು, ಎದ್ದ ಮೇಲೆ ಮೊದಲ ಕೆಲಸ ಹೊಟ್ಟೆ ತುಂಬಿಕೊಳ್ಳುವುದು. 100 ಮೀಟರಿಗೊಂದು ನಿಲುವು, ನಿಲುವಿಗೆ ಹತ್ತು ನಿಮಿಷ. ಧ್ವನಿಮುದ್ರಿಕೆ ಹಾಕಿ ಕರೆಯಬೇಡಿ. ದಿನಕ್ಕೆ ಸಾವಿರ ಹೂವು ಮುಟ್ಟಬೇಕಾದ ಹಕ್ಕಿಯನ್ನು ಇಲ್ಲದ ಎದುರಾಳಿಯ ಹಿಂದೆ ಓಡಿಸಿದ ಹಾಗಾಗುತ್ತದೆ. ಬರೆದುಕೊಳ್ಳಬೇಕಾದ್ದು: ಹೊತ್ತು, ಎತ್ತರ, ಯಾವ ಹೂವು, ನೆಲದಿಂದ ಎಷ್ಟು ಮೇಲೆ, ಯಾರು ಅಟ್ಟಿದರು. ಗೂಡು ಕಂಡರೆ ಹತ್ತಿರ ಹೋಗಬೇಡಿ, ಜಾಗವನ್ನು ಜಾಲತಾಣದಲ್ಲಿ ಹಾಕಬೇಡಿ.

ಕಾಗದಪತ್ರ

ಕಾಡಿನಿಂದ ಬೀಜ, ಕಡ್ಡಿ ತರುವ ಮುಂಚೆ ಪರಿಸರ ಮತ್ತು ಇಂಧನ ಸಚಿವಾಲಯದ ಅನುಮತಿ ವಿಚಾರಿಸಿ. 2008ರಲ್ಲಿ ಶುರುವಾದ ಸೋಸಿಯೊ ಬೋಸ್ಕೆ ಎಂಬ ಸರ್ಕಾರಿ ಯೋಜನೆ, ಇರುವ ಕಾಡನ್ನು ಕಡಿಯದೆ ಕಾಯುವ ಭೂಮಾಲೀಕರಿಗೆ ಹಣ ಕೊಡಲೆಂದು ಬಂದದ್ದು. ಬೇಲಿಯಾಚೆಯ ಹಳೆಯ ಕಾಡು ನಿಮ್ಮದೇ ಆಗಿದ್ದರೆ ಕೇಳಿ ನೋಡಿ. 2000ದಲ್ಲಿ ಕಟ್ಟಿದ ಕೀಟೊ ಜಲನಿಧಿ ಫೋನಾಗ್ ನಗರಕ್ಕೆ ನೀರು ಬರುವ ಜಲಮೂಲಗಳ ಸುತ್ತ ಕೆಲಸ ಮಾಡುತ್ತದೆ. ನಿಮ್ಮ ಏಣು ಅಂಥ ತೊರೆಯ ತಲೆಯಲ್ಲಿದ್ದರೆ ಅವರನ್ನು ಕೇಳಿ. ಹೊಕೊತೊಕೊ ಪ್ರತಿಷ್ಠಾನ 2001ರಲ್ಲಿ ಈ ಹಕ್ಕಿಗಾಗಿಯೇ ಕೊಂಡ ಯಾನಾಕೋಚಾ ಕಾದಿಟ್ಟ ಕಾಡು ನೋನೊ ಊರಿನ ಕಡೆಯ ಇಳಿಜಾರಿನಲ್ಲಿದೆ. ನಿಮ್ಮ ಜಾಗಕ್ಕೂ ಅದಕ್ಕೂ ನಡುವೆ ಎಷ್ಟು ಬೋಳು ಏಣುಗಳಿವೆ ಎಂದು ನಕ್ಷೆಯ ಮೇಲೆ ಎಣಿಸಿ, ಮುಂದಿನ ಹೆಕ್ಟೇರ್ ಆ ದಿಕ್ಕಿನಲ್ಲೇ ಇರಲಿ. 2023ರ ಆಗಸ್ಟ್‌ನಲ್ಲಿ ಕೀಟೊ ಮತದಾರರು ನಗರದ ವಾಯವ್ಯಕ್ಕಿರುವ ಚೋಕೊ ಆಂದಿನೊ ಪ್ರದೇಶದಲ್ಲಿ ಲೋಹದ ಗಣಿಗಾರಿಕೆ ಬೇಡ ಎಂದು ಮತ ಹಾಕಿದರು, ನೋನೊ ಆ ಪ್ರದೇಶಕ್ಕೆ ಸೇರಿದೆ. ಆ ತೀರ್ಪು ಗಣಿಯನ್ನು ತಡೆಯುತ್ತದೆ, ದನವನ್ನಲ್ಲ.

ಆರೇಳನೇ ವರ್ಷಕ್ಕೆ ಅಲಿಸೊ ಎತ್ತರವಾಗಿ ಹೊಯಾಪಾದ ಮೇಲೆ ನೆರಳು ದಟ್ಟವಾಗಿರುತ್ತದೆ. ಎಲೆ ಹಸಿರಾಗಿದ್ದು ಹೂವು ಕಡಿಮೆ ಬಂದರೆ ಅದೇ ಕಾರಣ. ಗುಂಪಿಗೆ ನಾಲ್ಕರಲ್ಲಿ ಎರಡು ಅಲಿಸೊ ತೆಗೆಯಿರಿ. ಕಡಿದು ಬೀಳಿಸಿದರೆ ಕೆಳಗಿನ ಪೊದೆ ಮುರಿಯುತ್ತದೆ, ಆದ್ದರಿಂದ ಬುಡದಿಂದ ಮೊಣಕಾಲೆತ್ತರದಲ್ಲಿ ಸುತ್ತಲೂ ಅಂಗೈ ಅಗಲ ತೊಗಟೆ ಸುಲಿದು ನಿಂತಲ್ಲೇ ಒಣಗಲು ಬಿಡಿ. ಒಣಮರದ ಮೇಲೆ ಹಾವಸೆ ಹತ್ತಲಿ.